ತಾರೀಖು ಸೋಸುವ ಶಾಸ್ತ್ರ: ಬ್ಯಾಡಗಿ ಸೋಮವಾರದ ಪ್ರಮಾಣಸಹಿತ

ಕಂಪ್ಯೂಟರ್ ವರದಿಗಳ ನೆತ್ತಿಯ ಮೇಲೆ ಎರಡು ಖಾಲಿ ಚೌಕಗಳಿರುವುದನ್ನು ವಿದ್ವಜ್ಜನರು ಬಲ್ಲರು. ಒಂದರಲ್ಲಿ ಶುರುವಿನ ದಿನಾಂಕ, ಇನ್ನೊಂದರಲ್ಲಿ ಕೊನೆಯ ದಿನಾಂಕ, ಕೆಳಗೊಂದು ಗುಂಡಿ. ತುಂಬಿದರೆ, ಒತ್ತಿದರೆ, ಬಂದದ್ದೇ ಸತ್ಯ ಎಂಬುದು ಪೂರ್ವಪಕ್ಷ. ಇದರ ಖಂಡನೆಗೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಎಂಬ ಪೀಠಗಳಿಂದ ಪ್ರಮಾಣಗಳನ್ನು ಸಂಗ್ರಹಿಸಲಾಗಿದೆ. ಕಾಶಿಯನ್ನು ಬಿಟ್ಟದ್ದು ಪ್ರಯಾಣಭತ್ಯೆ ಸಿಗಲಿಲ್ಲವೆಂದಲ್ಲ. ಅಲ್ಲಿ ಬ್ಯಾಡಗಿ ಡಬ್ಬಿ ಮೆಣಸಿನಕಾಯಿ ಬೆಳೆಯುವುದಿಲ್ಲವೆಂದು.

ಮೊದಲ ಜಿಜ್ಞಾಸೆ: ಯಾವ ತಾರೀಖು? 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ, ಖಾರಕ್ಕಿಂತ ಬಣ್ಣಕ್ಕೆ ಹೆಸರಾದ ಬ್ಯಾಡಗಿ ಮೆಣಸಿನಕಾಯಿಯ ಒಂದು ಚೀಲವನ್ನೇ ತೆಗೆದುಕೊಳ್ಳಿ. ಪೇಟೆಯೊಳಗೆ ಅದು ಹಲವು ಜನ್ಮ ಎತ್ತುತ್ತದೆ. ಎಪಿಎಂಸಿ ಗೇಟಿನಲ್ಲಿ ಒಂದು ತಾರೀಖು, ದಲಾಲಿ ಅಂಗಡಿಯ ಮುಂದೆ ಲಾಟ್ ನಂಬರ್ ಬಿದ್ದಾಗ ಒಂದು, ಟೆಂಡರ್ ದರ ಹೊರಬಿದ್ದಾಗ ಒಂದು, ಹಮಾಲರು ತೂಕಕ್ಕೆ ಎತ್ತಿದಾಗ ಒಂದು, ರೈತನ ಕೈಗೆ ರೊಕ್ಕ ಬಂದಾಗ ಮತ್ತೊಂದು. ಮಾರ್ಚ್ ತಿಂಗಳ ಲೆಕ್ಕ ತೆಗಿ ಎಂದ ಮಾಲೀಕನಿಗೆ ಗುಮಾಸ್ತ ಕೇಳಬೇಕಾದ ಪ್ರಶ್ನೆಯೇ ನಮ್ಮ ಪ್ರಥಮ ಸೂತ್ರ: “ಮಾಲು ಬಂದ ಮಾರ್ಚೋ, ಟೆಂಡರ್ ಆದ ಮಾರ್ಚೋ, ರೊಕ್ಕಾ ಕೊಟ್ಟ ಮಾರ್ಚೋ, ಸಾವಕಾರ್ರ?” “ಎಲ್ಲಾ ಮಾರ್ಚೂ ಒಂದ ತಗಿಯೋ” ಎಂಬ ಉತ್ತರವನ್ನು ಅದ್ವೈತಿಗಳು ಒಪ್ಪಿಯಾರು. ಡೇಟಾಬೇಸ್ ಒಪ್ಪುವುದಿಲ್ಲ.

ಇನ್ನು ಹಾವೇರಿ ಪೀಠ. ಕಚೇರಿಗಳ ಊರಾದ್ದರಿಂದ ಇಲ್ಲಿ ವರ್ಷ ಹುಟ್ಟುವುದು ಏಪ್ರಿಲ್ 1ಕ್ಕೆ, ಸಾಯುವುದು ಮಾರ್ಚ್ 31ಕ್ಕೆ. ಆ ಕೊನೆಯ ರಾತ್ರಿ ಬಿಲ್ಲುಗಳ ಮುಂದೆ ನಡೆಯುವ ಜಾಗರಣೆಯನ್ನು ಶಿವರಾತ್ರಿಯಲ್ಲೂ ಕಾಣಲಾಗದು. ಆದರೆ ಕೊನೆಯ ಚೌಕದಲ್ಲಿ ಮಾರ್ಚ್ 31 ಎಂದು ಬರೆದು ಗಂಟೆ ಬರೆಯದೆ ಬಿಟ್ಟರೆ, ಗಂಟೆ ನಿಮಿಷ ಸಮೇತ ದಾಖಲಾದ ಕಡೆ, ಯಂತ್ರ ಅದನ್ನು ಸೊನ್ನೆ ಗಂಟೆ ಸೊನ್ನೆ ನಿಮಿಷ ಎಂದು ತಿಳಿಯುತ್ತದೆ. ಅಂದರೆ 31 ಕಣ್ಣು ಬಿಡುವ ಕ್ಷಣಕ್ಕೇ ವರದಿಯ ಬಾಗಿಲು ಮುಚ್ಚುತ್ತದೆ. ಇಡೀ ದಿನದ ಬಿಲ್ಲುಗಳು ಹೊರಗೆ ನಿಲ್ಲುತ್ತವೆ. ಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಭಾಷೆಯ ಸಂಪ್ರದಾಯದ ‘ಬಿಟ್ವೀನ್’ವಾದಿಗಳು ಈ ದೋಷಕ್ಕೆ ಸುಲಭವಾಗಿ ಬೀಳುತ್ತಾರೆ. ಪರಿಹಾರ: ಶುರುವಿನ ದಿನವನ್ನು ಒಳಗೆ ಸೇರಿಸು, ಕೊನೆಯ ದಿನದ ಮರುದಿನಕ್ಕಿಂತ ಕಡಿಮೆ ಎನ್ನು. ಏಪ್ರಿಲ್ 1ಕ್ಕಿಂತ ಕಡಿಮೆ ಎಂದರೆ ಮಾರ್ಚ್ 31ರ ರಾತ್ರಿ ಹನ್ನೊಂದೂ ಐವತ್ತೊಂಬತ್ತರ ಬಿಲ್ಲಿಗೂ ಮುಕ್ತಿ.

ಹಾವೇರಿಯದೇ ಇನ್ನೊಂದು ಚೋದ್ಯವಿದೆ. ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 24ಕ್ಕೆ. ಅದಕ್ಕೂ ಹಿಂದಿನ ತಾರೀಖು ಕೊಟ್ಟು, ಜಿಲ್ಲೆ ಹಾವೇರಿ ಎಂದು ಸೋಸಿದರೆ ಪರದೆ ಖಾಲಿ. ದಂಡಿಯಾತ್ರೆಯಲ್ಲಿ ನಡೆದ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ 1943ರಲ್ಲಿ ಹೊಸರಿತ್ತಿಯಲ್ಲಿ ಹುತಾತ್ಮರಾದದ್ದೂ ಈ ಜರಡಿಯಲ್ಲಿ ನಿಲ್ಲದು. ಅದು ಆಗಿನ ಧಾರವಾಡ ಜಿಲ್ಲೆಯ ಸಾಲಿನಲ್ಲಿದೆ. ತಾರೀಖೇ ಇಲ್ಲದ ಸಾಲುಗಳ ಪಾಡು ಇನ್ನೂ ಕಷ್ಟ, ಅವು ಯಾವ ಚೌಕಕ್ಕೂ ಸಿಗುವುದಿಲ್ಲ. ಈ ಸಂಕಟವನ್ನು ನಮ್ಮ ಹಳ್ಳಿಯ ಮಾಸ್ತರರು ಕಂಪ್ಯೂಟರಿಗೂ ಮುಂಚೆ ಬಗೆಹರಿಸಿದ್ದರು: ಹುಟ್ಟಿದ ದಿನ ಗೊತ್ತಿಲ್ಲದ ಹುಡುಗರಿಗೆಲ್ಲ ಜೂನ್ 1. ಪರಿಣಾಮವಾಗಿ ಮೇ 31ರಂದು ಕಚೇರಿಗಳಲ್ಲಿ ಹಾರ, ಶಾಲುಗಳಿಗೆ ಬರ ಬರುತ್ತದೆ.

ಈಗ ಪ್ರಬಂಧದ ಹೃದಯಭಾಗ. 11/03/2024 ಎಂಬುದನ್ನು ನಾವು ಮಾರ್ಚ್ 11 ಎಂದು ಓದುತ್ತೇವೆ. ಅಮೆರಿಕದ ರೂಢಿಯಲ್ಲಿ ಬೆಳೆದ ಯಂತ್ರ ನವೆಂಬರ್ 3 ಎನ್ನುತ್ತದೆ. ಹನ್ನೆರಡನೇ ತಾರೀಖು ದಾಟಿದರೆ ಯಂತ್ರಕ್ಕೆ ದಾರಿಯಿಲ್ಲ, ಹದಿಮೂರನೇ ತಿಂಗಳು ಎಲ್ಲಿಂದ ತರಬೇಕು? ಆದರೆ ತಿಂಗಳ ಮೊದಲ ಹನ್ನೆರಡು ದಿನಗಳಲ್ಲಿ, ತಿಂಗಳೂ ದಿನವೂ ಒಂದೇ ಆದದ್ದನ್ನು ಬಿಟ್ಟರೆ, ವರ್ಷಕ್ಕೆ 132 ದಿನ ಅದು ತಿಂಗಳನ್ನೇ ಅದಲುಬದಲು ಮಾಡಿ ತಣ್ಣಗೆ ಕೂರಬಹುದು. ತಪ್ಪು ಎನ್ನಲು ಯಾವ ಕೆಂಪು ಗೆರೆಯೂ ಬರುವುದಿಲ್ಲ.

ಇಲ್ಲಿ ಬ್ಯಾಡಗಿ ಪೀಠ ಕೈಹಿಡಿಯುತ್ತದೆ. ಅಲ್ಲಿ ಮೆಣಸಿನಕಾಯಿ ಟೆಂಡರ್ ಸೋಮವಾರ ಮತ್ತು ಗುರುವಾರ. 2024ರ ಮಾರ್ಚ್ 11 ಸೋಮವಾರ; ನವೆಂಬರ್ 3 ಭಾನುವಾರ. ಟೆಂಡರ್ ವರದಿಯಲ್ಲಿ ಭಾನುವಾರ ಕಂಡಿತೋ, ಯಾವನೋ ತಿಂಗಳು ತಿರುವಿದ್ದಾನೆ ಎಂದೇ ಅರ್ಥ. ಒಂದು ಲಾಟ್ ತಪ್ಪಿಸಿಕೊಂಡೀತು, ತಿಂಗಳ ಲೆಕ್ಕ ತಪ್ಪಿಸಿಕೊಳ್ಳದು. ಇದನ್ನು ಹೊಸ ಶೋಧವೆಂದು ಪೇಟೆಂಟಿಗೆ ಓಡುವವರು ಮೊದಲು ಚೌಡದಾನಪುರ, ಹಾನಗಲ್ಲಿನ ಕಡೆ ಹೋಗಿ ಶಾಸನಗಳನ್ನು ನೋಡಬೇಕು. ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ ಎಲ್ಲ ಹೇಳಿದ ಮೇಲೂ ಕಲ್ಲು ವಾರವನ್ನು ಹೇಳುತ್ತದೆ. ಫ್ಲೀಟ್, ಕೀಲ್‌ಹಾರ್ನ್ ಮೊದಲಾದ ಶಾಸನತಜ್ಞರು ತಿಥಿ ಗಣಿಸಿ ಕಡೆಗೆ ನೋಡುತ್ತಿದ್ದದ್ದು ವಾರ ಕೂಡಿತೇ ಎಂದು. ಕೂಡದಿದ್ದರೆ ಗತ ಶಕವೋ, ವರ್ತಮಾನ ಶಕವೋ ಎಂದು ಒಂದು ವರ್ಷ ಹಿಂದೆ ಮುಂದೆ ಜಗ್ಗುತ್ತಿದ್ದರು. ದೇವಸ್ಥಾನಕ್ಕೆ ಭೂಮಿ ಬಿಟ್ಟ ದಂಡನಾಯಕನಿಗೂ ಕಾಯಿ ಸುರಿದ ರೈತನಿಗೂ ಸಾಕ್ಷಿ ಒಬ್ಬನೇ, ವಾರ. ವರ್ಷವನ್ನು ತಿದ್ದುವವರಿಗೂ ವಾರವನ್ನು ತಿದ್ದುವುದು ನೆನಪಾಗುವುದಿಲ್ಲ.

ಆಕ್ಷೇಪ: ನಸುಕಿನ ಮೂರಕ್ಕೆ ಲಾರಿ ಗೇಟಿಗೆ ಬಂದರೆ? ದಾಖಲೆ ಗ್ರೀನಿಚ್ ಸಮಯದಲ್ಲಿದ್ದರೆ ಐದೂವರೆ ಗಂಟೆ ಕಳೆದು ಸೋಮವಾರದ ಲಾರಿ ಭಾನುವಾರ ರಾತ್ರಿ ಒಂಬತ್ತೂವರೆಗೆ ಬಂದಂತಾಗುತ್ತದಲ್ಲ? ಸಮಾಧಾನ: ಆಗುತ್ತದೆ. ಅದಕ್ಕೇ ಮೊದಲು ಭಾರತದ ಗಂಟೆಗೆ ತಂದು ಆಮೇಲೆ ಸೋಸಬೇಕು, ಸೋಸಿ ಆಮೇಲೆ ತರಬಾರದು.

ರಾಣೆಬೆನ್ನೂರು ಬೀಜದ ಊರು. ಅಲ್ಲಿ ಪ್ರಮಾಣಿತ ಬೀಜದ ಚೀಟಿಯ ಆಯುಸ್ಸು ಪರೀಕ್ಷೆಯ ದಿನದಿಂದ ಒಂಬತ್ತು ತಿಂಗಳು. ಮನುಷ್ಯನಿಗೆ ಹೊರಬರಲು ಬೇಕಾದಷ್ಟು ಕಾಲದಲ್ಲಿ ಬೀಜ ಒಳಗೆ ಹೋಗಬೇಕು. ಕೊಳ್ಳುವ ರೈತನ ಲೆಕ್ಕ ಮಾತ್ರ ರೋಹಿಣಿ, ಮಿರಗ, ಆರಿದ್ರಾ ಮಳೆಗಳದ್ದು. “ಮಿರಗಾ ಕೂಡಾಕ ಮುಂಚೆ ಎಷ್ಟ್ ಹೋತ್ರಿ?” ಎಂಬುದಕ್ಕೆ ಜೂನ್ ಮೊದಲ ವಾರವನ್ನು ಚೌಕಕ್ಕೆ ತುಂಬುವ ಅಂಗಡಿಯವನೇ ಈ ಪೀಠದ ಭಾಷ್ಯಕಾರ.

ವಾರ್ಷಿಕ ವರದಿಯ ಬಗ್ಗೆ ಒಂದೇ ಮಾತು: ಮೆಣಸಿನಕಾಯಿ ಹಂಗಾಮು ಡಿಸೆಂಬರಿನ ಆಚೆಗೂ ಈಚೆಗೂ ಕಾಲು ಚಾಚಿ ಕೂರುತ್ತದೆ. ಜನವರಿಯಿಂದ ಸೋಸಿದವನು ಒಂದು ಬೆಳೆಯನ್ನು ಎರಡು ವರ್ಷಕ್ಕೆ ಹಂಚಿ, ಎರಡರಲ್ಲೂ ಕಡಿಮೆ ಎಂದು ಕೊರಗುತ್ತಾನೆ.

ಹಾಗಾದರೆ ಸಂವತ್ಸರದಿಂದ ಸೋಸೋಣವೇ ಎಂದು ಪಂಚಾಂಗಪಕ್ಷದವರು ಏಳುತ್ತಾರೆ. ಅರವತ್ತಕ್ಕೊಮ್ಮೆ ಹೆಸರು ಮರಳುವುದರಿಂದ ಕ್ರೋಧಿ ಎಂದರೆ 1964ರದ್ದೂ ಬರುತ್ತದೆ, 2024ರದ್ದೂ ಬರುತ್ತದೆ. ವರ್ಷವನ್ನು ಎರಡೇ ಅಂಕಿಯಲ್ಲಿ ಬರೆದು 2000ದಲ್ಲಿ ಜಗತ್ತು ಬೆವರುವ ಎಷ್ಟೋ ಮೊದಲೇ ನಾವು ಆ ತೊಡಕನ್ನು ಕಲ್ಲಿನಲ್ಲಿ ಕೆತ್ತಿಸಿದ್ದೆವು. ಅದಿರಲಿ. ಕಾಯಿ ದರ ಕುಸಿಯಿತೆಂದು ರೈತರು ಸಿಟ್ಟಿಗೆದ್ದು ಬ್ಯಾಡಗಿ ಎಪಿಎಂಸಿಯಲ್ಲಿ ವಾಹನಗಳು ಹೊತ್ತಿ ಉರಿದದ್ದು 2024ರ ಅದೇ ಮಾರ್ಚ್ 11ರಂದು. ಕ್ರೋಧಿ ಸಂವತ್ಸರ ಹುಟ್ಟಿದ್ದು ಏಪ್ರಿಲ್ 9ರ ಯುಗಾದಿಗೆ. ಪೇಟೆಯ ಕ್ರೋಧವನ್ನು ಕ್ರೋಧಿಯಲ್ಲಿ ಹುಡುಕುವ ಸಂಶೋಧಕನಿಗೆ ಅದು 29 ದಿನದಿಂದ ತಪ್ಪಿಹೋಗಿ ಶೋಭಕೃತ್ ಸಂವತ್ಸರದಲ್ಲಿ ಕೂತಿರುತ್ತದೆ. ಸೋಮವಾರಗಳನ್ನು ಸೋಸಿದ ಗುಮಾಸ್ತನಿಗೆ ಸಿಕ್ಕಿರುತ್ತದೆ.