ಶ್ರೀಮತಿ ವಿಜಯಾದೇವಿಯವರಿಗೆ ದೇವಳಾಲಿ ಕನ್ನಡಿಗರ ಬಿನ್ನವತ್ತಳೆ

ಮಾನ್ಯ ಅಧ್ಯಕ್ಷರೇ, ದೇವಳಾಲಿ ಕ್ಯಾಂಪಿನ ಕನ್ನಡ ಬಂಧುಗಳೇ, ಫಿರಂಗಿ ಶಾಲೆಯಿಂದ ಬಿಡುವು ಮಾಡಿಕೊಂಡು ಬಂದಿರುವ ಹವಾಲ್ದಾರರೇ, ವೇದಿಕೆಯ ಮೇಲಿನ ಖಾಲಿ ಕುರ್ಚಿಯೇ,

ಆ ಕುರ್ಚಿ ಇಂದಿನ ಸನ್ಮಾನಿತೆ ವಿಜಯಾದೇವಿಯವರದು. ಆಯುರ್ವೇದ ಪಂಡಿತರು ಕರೆಯುವುದು ಹಾಗೆ, ಎಫ್‌ಐಆರ್‌ನಲ್ಲಿ ಗಾಂಜಾ. ಅವರು ಇಡಿಯಾಗಿ ಎಲ್ಲಿಗೂ ಬರುವಂತಿಲ್ಲ. 1985ರ ಮಾದಕವಸ್ತು ಕಾಯ್ದೆ, ಅಂದರೆ ಎನ್‌ಡಿಪಿಎಸ್, ಅವರನ್ನು ಅಣ್ಣತಮ್ಮಂದಿರ ಜಮೀನಿನಂತೆ ಪಾಲು ಮಾಡಿಬಿಟ್ಟಿದೆ. ಹೂವಿನ ತೆನೆ ಗಾಂಜಾ, ಅದರ ಅಂಟು ಚರಸ್. ಎರಡೂ ದೆಹಲಿಯ ಕಾನೂನಿಗೆ. ತೆನೆಯ ಸಹವಾಸವಿಲ್ಲದ ಎಲೆ, ಬೀಜ ಆ ವ್ಯಾಖ್ಯೆಯ ಹೊರಗೆ. ಗಾಂಜಾ 20 ಕಿಲೋ ಮೀರಿದರೆ ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ಜೈಲು. ಎಲೆ ಅರೆದ ಭಾಂಗ್ ಆದರೆ ರಾಜ್ಯ ಸರ್ಕಾರದ ಮರ್ಜಿ. ಬೀಜವನ್ನಂತೂ 2021ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಊಟದ ಪಂಕ್ತಿಯಲ್ಲೇ ಕೂರಿಸಿತು.

ನಮ್ಮ ತವರಿನ ಹೈಕೋರ್ಟು 2022ರಲ್ಲಿ ಭಾಂಗ್ ಸಮೇತ ಸಿಕ್ಕಿಬಿದ್ದವನೊಬ್ಬನಿಗೆ ಜಾಮೀನು ಕೊಡುತ್ತಾ, ಭಾಂಗ್ ಎನ್‌ಡಿಪಿಎಸ್ ಅಡಿ ಬರುವುದಿಲ್ಲ ಎಂದಿತು. ಅದನ್ನೇ ನಂಬಿ ವಿಜಯಾದೇವಿ ದೇವಳಾಲಿಗೆಂದು ರೈಲು ಹತ್ತಿ ನಾಶಿಕ್ ರೋಡಿನಲ್ಲಿ ಇಳಿದರೆನ್ನಿ. ಇಲ್ಲಿ 1949ರ ಮುಂಬಯಿ ಪಾನನಿಷೇಧ ಕಾಯ್ದೆ ಕಾದು ನಿಂತಿದೆ: ಲೈಸೆನ್ಸ್ ಇಲ್ಲದ ಭಾಂಗ್ ಅಪರಾಧ. ಅದೇ ಕಾಯ್ದೆಯಡಿ ವಿಸ್ಕಿಗೆ ಪರ್ಮಿಟ್ ಸಿಗುತ್ತದೆ. ಏತಕ್ಕೆ? ಆರೋಗ್ಯ ಕಾಪಾಡಿಕೊಳ್ಳಲು. ನಗಬೇಡಿ, ಇದು ಸರ್ಕಾರದ್ದೇ ಮಾತು.

ಅಮೆರಿಕದಲ್ಲಿರುವ ಇವರ ತಂಗಿಯ ಗೋಳು ತಿರುಗುಮುರುಗು. 1996ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಔಷಧಿಯೆಂದು ಒಳಗೆ ಕರೆದರು; ಕೇಂದ್ರದವರು ಬಂದು ಹಿಡಿಯಬಹುದು ಎಂದು 2005ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅಲ್ಲಿ ರಾಜ್ಯ ಬಿಟ್ಟದ್ದನ್ನು ಕೇಂದ್ರ ಹಿಡಿಯುತ್ತದೆ, ಇಲ್ಲಿ ಕೇಂದ್ರ ಬಿಟ್ಟದ್ದನ್ನು ಮಹಾರಾಷ್ಟ್ರ ಹಿಡಿಯುತ್ತದೆ. ಮಂಡಿನೋವಿನ ಅಜ್ಜಿಗೆ ವೈದ್ಯರು ಬರೆದುಕೊಟ್ಟ ವಿಜಯಾ ಎಲೆಯ ಎಣ್ಣೆ ಔಷಧಿಯೋ ಮಾಲೋ ಎಂದು ಕೊನೆಗೆ ತೀರ್ಮಾನಿಸುವವನು ಗಡಿನಾಕೆಯ ಪೇದೆ, ಅದೂ ರಾತ್ರಿ ಪಾಳಿಯಲ್ಲಿ, ಸೀಸೆ ಮೂಸಿ ನೋಡಿ. ಗೋದಾವರಿ ದಡದ ಸಿಂಹಸ್ಥ ಕುಂಭಮೇಳದಲ್ಲಿ ಸಾಧುಗಳ ಚಿಲುಮೆ ಹೊಗೆಯಾಡುವಾಗ ಮಾತ್ರ ಎರಡೂ ಸರ್ಕಾರಗಳಿಗೆ ಒಟ್ಟಿಗೇ ನೆಗಡಿ.

ಈ ಸನ್ಮಾನಕ್ಕೆ ನಮ್ಮೂರಿಗಿಂತ ತಕ್ಕ ಜಾಗ ಉಂಟೆ? ಬೀದಿ ರಕ್ಷಣಾ ಸಚಿವಾಲಯದ ಕಂಟೋನ್ಮೆಂಟ್ ಬೋರ್ಡಿನದು, ಪೊಲೀಸ್ ಠಾಣೆ ಮಹಾರಾಷ್ಟ್ರದ್ದು.

ಶಾಲು ಸಿದ್ಧವಿದೆ. ಉತ್ತರಾಖಂಡದಲ್ಲಿ ಲೈಸೆನ್ಸ್ ಪಡೆದು ಬೆಳೆದ ಗಿಡದ ನಾರಿನದು, ರಸೀದಿ ಖಜಾಂಚಿಗಳ ಬಳಿ ಇದೆ. ಹಾರ ಮಾತ್ರ ಇಲ್ಲ. ಹೂವಿನ ವಿಷಯದಲ್ಲಿ ವಕೀಲರು ಇನ್ನೂ ಅಭಿಪ್ರಾಯ ಕೊಟ್ಟಿಲ್ಲ. ಊಟಕ್ಕೆ ಕುಮಾವೂಂ ಕಡೆಯ ಬೀಜದ ಚಟ್ನಿ ಉಂಟು, ಧೈರ್ಯವಾಗಿ ಬಡಿಸಿಕೊಳ್ಳಿ. ಬಾಟಲಿ ತಂದಿರುವ ಹಿರಿಯರು ಪರ್ಮಿಟ್ ಜೇಬಿನಲ್ಲಿಟ್ಟುಕೊಂಡು ಹಿಂದಿನ ಸಾಲಿನಲ್ಲಿ ಕೂತು ಆರೋಗ್ಯ ಕಾಪಾಡಿಕೊಳ್ಳಬಹುದು.