ಒಂದು ವೈರು, ಐದು ಕಂಪ್ಯೂಟರು

ಒಂದು ಮನೆಗೆ ಒಬ್ಬನೇ ಯಜಮಾನ ಇರಬೇಕು ಅನ್ನುತ್ತಾರೆ. 2007ರ ಸುಮಾರಿಗೆ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಾವು ಐವರು ಇಂಜಿನಿಯರಿಂಗ್ ಹುಡುಗರು ಬಾಡಿಗೆಗಿದ್ದ ಮನೆಗೆ ಇಬ್ಬರಿದ್ದರು. ಓನರ್ ಅಜ್ಜಿ ಒಬ್ಬರು. ಮೋಡೆಮ್ ಯಾರ ಟೇಬಲ್ಲಿನ ಮೇಲಿತ್ತೋ ಆ ಬಸ್ಯಾ ಇನ್ನೊಬ್ಬ. ಗೋಗರೆದರೆ ಅಜ್ಜಿ ಬಾಡಿಗೆಗೆ ನಾಲ್ಕು ದಿನ ತಡೆಯುತ್ತಿದ್ದರು. ಬಸ್ಯಾನ ಹತ್ತಿರ ಗೋಗರೆತ ನಡೆಯುತ್ತಿರಲಿಲ್ಲ.

ಮೋಡೆಮ್‌ಗೆ ಇದ್ದದ್ದು ಒಂದೇ ಪೋರ್ಟು. ರೌಟರ್ ಕೊಳ್ಳಲು ದುಡ್ಡಿಲ್ಲ. ಹಾಗಾಗಿ ಬಸ್ಯಾನ ಕಂಪ್ಯೂಟರಿಗೆ ಎರಡನೇ ನೆಟ್‌ವರ್ಕ್ ಕಾರ್ಡ್ ಸಿಕ್ಕಿಸಿ, ವಿಂಡೋಸ್ ಎಕ್ಸ್‌ಪಿಯ ಇಂಟರ್ನೆಟ್ ಕನೆಕ್ಷನ್ ಶೇರಿಂಗ್‌ಗೆ ಟಿಕ್ ಹಾಕಿ, ಅಲ್ಲಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಉಳಿದವರ ಕೋಣೆಗಳಿಗೆ ಕೇಬಲ್ ಎಳೆದೆವು. ಟಿಕ್ ಬಿದ್ದದ್ದೇ ತಡ, ಎಕ್ಸ್‌ಪಿ ಅವನ ಯಂತ್ರಕ್ಕೆ 192.168.0.1 ಎಂಬ ವಿಳಾಸ ದಯಪಾಲಿಸಿತು. ಕೊನೆಯ ಆ ಒಂದು ಬಸ್ಯಾನ ತಲೆಗೇರಿತು. ಅವನ ಕಂಪ್ಯೂಟರ್ ಚಾಲೂ ಇದ್ದರೆ ನಮಗೆ ನೆಟ್ಟು. ಅವನು ಸಿಟ್ಟಾಗಿ ಶಟ್‌ಡೌನ್ ಒತ್ತಿದರೆ ನಾಲ್ವರೂ ಪಠ್ಯಪುಸ್ತಕ ಹುಡುಕಬೇಕು.

ಕೇಬಲ್ಲಿನ ತುದಿಗೆ ಪ್ಲಗ್ ಕೂರಿಸುವ ಕೆಲಸ, ಅಂದರೆ ಕ್ರಿಂಪಿಂಗ್, ನನ್ನ ಪಾಲಿಗೆ ಬಂತು. ಕೇಬಲ್ಲಿನ ಸಿಪ್ಪೆ ಸುಲಿದರೆ ಜೋಡಿ ಜೋಡಿಯಾಗಿ ಹೆಣೆದುಕೊಂಡ ಎಂಟು ಎಳೆ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಆ ನಾಲ್ಕು ವರ್ಷಗಳಲ್ಲಿ ಕಲಿತ ಸೂತ್ರಗಳೆಲ್ಲ ಮರೆತಿವೆ, ಇದೊಂದು ನಿದ್ದೆಗಣ್ಣಲ್ಲೂ ಬರುತ್ತದೆ. ನಮ್ಮ ಸ್ವಿಚ್ಚಿಗೆ ಆ ಎಂಟರಲ್ಲಿ ನಿಜವಾಗಿ ದುಡಿಯುವ ಎಳೆಗಳು ನಾಲ್ಕೇ ಎಂದು ಆಮೇಲೆ ಗೊತ್ತಾದಾಗ ನಮ್ಮ ಪ್ರಾಜೆಕ್ಟ್ ಬ್ಯಾಚ್ ನೆನಪಾಯಿತು.

ಮನೆಯೊಳಗೆ 100 ಎಂಬಿಪಿಎಸ್ ವೇಗ. ಹೊರಗಿನಿಂದ ಬರುತ್ತಿದ್ದದ್ದು 256 ಕೆಬಿಪಿಎಸ್, ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 32 ಕೆಬಿ. ಹಗಲು ಬಳಸಿದ್ದಕ್ಕೆ ಮಿತಿ, ಮೀರಿದರೆ ಎಂಬಿ ಲೆಕ್ಕದಲ್ಲಿ ಬಿಲ್ಲು. ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಪುಕ್ಕಟೆ. ನಡುರಾತ್ರಿ ಅಲಾರಂ ಬಡಿದು ಎಲ್ಲ ಕೋಣೆಗಳಲ್ಲೂ ದೀಪ ಹತ್ತುವುದನ್ನು ನೋಡಿದ ಅಜ್ಜಿ, "ನಳಾ ಬಿಟ್ಟಾಂಗ ಇದನ್ನೂ ನಡರಾತ್ರಿ ಬಿಡ್ತಾರೇನೋ ತಮ್ಮಾ?" ಎಂದು ಕೇಳಿದರು. ವಾರಗಟ್ಟಲೆ ನೀರು ಕಾದ ಊರಿನವರು. ಇದಕ್ಕಿಂತ ಚೆನ್ನಾಗಿ ಯಾವ ಪ್ರೊಫೆಸರೂ ಬ್ಯಾಂಡ್‌ವಿಡ್ತ್ ವಿವರಿಸಲಿಲ್ಲ.

ಆಗ ಉಬುಂಟು ಆಪರೇಟಿಂಗ್ ಸಿಸ್ಟಮ್‌ನ ಸೀಡಿ ಸುಮಾರು 700 ಎಂಬಿ ಇರುತ್ತಿತ್ತು. (ಯಾರು ಕೇಳಿದರೂ ಎಲ್ಲರೂ ಇಳಿಸುತ್ತಿದ್ದದ್ದು ಉಬುಂಟುವೇ.) 32 ಕೆಬಿಯಲ್ಲಿ ಅದಕ್ಕೆ ಆರು ಗಂಟೆಗಿಂತ ತುಸು ಹೆಚ್ಚು ಬೇಕು, ಪುಕ್ಕಟೆ ವೇಳೆ ಸರಿಯಾಗಿ ಆರು ಗಂಟೆ. ಒಬ್ಬನಿಗೇ ಸಾಲದ್ದನ್ನು ಐವರು ಹಂಚಿಕೊಳ್ಳಬೇಕು. ಅದರ ಮೇಲೆ ನಾವು ಇಳಿಸಲು ಬಳಸುತ್ತಿದ್ದ ಟೊರೆಂಟ್ ಬರೀ ತೆಗೆದುಕೊಳ್ಳುವುದಿಲ್ಲ, ಕೊಡುತ್ತದೆ ಕೂಡ. ಹೋಗುವ ದಾರಿ ಬರುವ ದಾರಿಗಿಂತ ಇಕ್ಕಟ್ಟು. ಅದು ತುಂಬಿತೆಂದರೆ ಉಳಿದವರ "ಈ ಪುಟ ಕಳಿಸಿ" ಎಂಬ ಕೋರಿಕೆಯೂ ಬಾಗಿಲು ದಾಟುವುದಿಲ್ಲ.

ಆಗ ಏಳುತ್ತಿತ್ತು ಕೂಗು: "ಯಾವನಲೇ ಟೊರೆಂಟ್ ಹಚ್ಚಿದಾಂವ?" ಎಲ್ಲ ಕೋಣೆಗಳಿಂದಲೂ ಒಂದೇ ಉತ್ತರ: "ನಂದು ಬಂದ್ ಐತಿ." ಬಸ್ಯಾ ವಾದಕ್ಕಿಳಿಯುತ್ತಿರಲಿಲ್ಲ. ಸ್ವಿಚ್ಚಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಹಸಿರು ದೀಪಗಳನ್ನು ನೋಡುತ್ತಿದ್ದ. ಬಂದ್ ಇದೆ ಎಂದವನ ದೀಪ ಪಟಪಟ ಮಿಟುಕುತ್ತಿರುತ್ತಿತ್ತು. ಅವನ ಕೇಬಲ್ ಕಿತ್ತು ಜೇಬಿಗಿಳಿಸಿ ಬಸ್ಯಾ ಮಲಗಲು ಹೋಗುತ್ತಿದ್ದ.

ಬಸ್ಯಾ ಊರಿಗೆ ಹೋದಾಗ ಕಂಪ್ಯೂಟರ್ ಚಾಲೂ ಇಟ್ಟು, ಕೋಣೆಗೆ ಕೀಲಿ ಹಾಕಿಕೊಂಡು ಹೋಗುತ್ತಿದ್ದ. ಒಮ್ಮೆ ಹಾಗೆ ಹೋದಾಗ ಕರೆಂಟು ಹೋಗಿ ಬಂತು. ಅದೇ ಸಂಜೆ ರಿಸಲ್ಟೂ ಬಂತು. ಅಜ್ಜಿಯ ಬಟ್ಟೆ ಒಣಹಾಕುವ ಕೋಲನ್ನು ಕಿಟಕಿಯ ಸರಳುಗಳ ನಡುವೆ ತೂರಿಸಿ ಪವರ್ ಬಟನ್ ಒತ್ತಿದೆವು. ಯಂತ್ರ ಎದ್ದು ಪಾಸ್‌ವರ್ಡ್ ಕೇಳಿತು. ಫೋನ್ ಮಾಡಿದರೆ ಬಸ್ಯಾ ಮೊದಲು ತನ್ನ ಆ ತಿಂಗಳ ಬಿಲ್ಲಿನ ಪಾಲು ಮಾಫಿ ಮಾಡಿಸಿಕೊಂಡ, ಆಮೇಲೆ ಒಂದೊಂದೇ ಅಕ್ಷರ ಹೇಳಿದ. ಕೋಲಿನ ತುದಿಯಲ್ಲೇ ಟೈಪ್ ಮಾಡಿದೆವು. ರಿಸಲ್ಟ್ ನೋಡಿದ ಮೇಲೆ, ಇಷ್ಟೆಲ್ಲ ಒದ್ದಾಡಬೇಕಿರಲಿಲ್ಲ ಅನ್ನಿಸಿತು.

ಈಗ ಎಲ್ಲ ಕಡೆ ವೈ-ಫೈ ಇದೆ, ಕ್ರಿಂಪಿಂಗ್ ಬಂದರೂ ಯಾರೂ ಕರೆಯುವುದಿಲ್ಲ. ಆದರೂ ಪಾಲಿನ ಮೇಲೆ ಕನೆಕ್ಷನ್ ಹಾಕಿಸುವ ಹುಡುಗರಿಗೆ ಒಂದು ಮಾತು. ಸ್ಪೀಡು ಎಷ್ಟು ಅಂತ ಆಮೇಲೆ ವಿಚಾರಿಸಿ, ಮೊದಲು ರೌಟರನ್ನು ಪಡಸಾಲೆಯಲ್ಲಿಡಿ. ಅಲ್ಲಿ ಜಾಗವಿಲ್ಲದಿದ್ದರೆ, ಊರು ಬಹಳ ದೂರ ಇರುವವನ ಕೋಣೆಯಲ್ಲಿಡಿ.