ಕಾರಿದ್ದಷ್ಟು ಕಾಲು ಚಾಚು

ನಮ್ಮೂರು ತಿಪಟೂರಿನಲ್ಲಿ ಮಂಡಿ ಅಂದರೆ ಕೊಬ್ಬರಿ ಮಂಡಿ. "ಏನ್ಸಾರ್, ಮಂಡಿ ಹೆಂಗಿದೆ?" ಎಂದು ಯಾರಾದರೂ ಕೇಳಿದರೆ ಕ್ವಿಂಟಾಲಿಗೆ ಎಷ್ಟು ಎಂದು ಉತ್ತರ ಕೊಡಬೇಕು. ನಾನೊಬ್ಬ ಮಾತ್ರ ಹೈಸ್ಕೂಲಿನಿಂದಲೂ "ನೋಯ್ತಿದೆ" ಎನ್ನುತ್ತಲೇ ಬಂದವನು. ನನ್ನ ಎತ್ತರ ಆರಡಿ ಎರಡಂಗುಲ. ಅದರಲ್ಲಿ ಮುಕ್ಕಾಲು ಪಾಲು ಕಾಲೇ ಇದೆ ಎಂದು ಅಳತೆ ತೆಗೆದುಕೊಂಡ ದರ್ಜಿಗಳೆಲ್ಲ ಹೇಳಿದ್ದಾರೆ. ತಿಪಟೂರಿನಿಂದ ಬೆಂಗಳೂರಿಗೆ ಕೆಂಪು ಬಸ್ಸಿನಲ್ಲಿ ಹೋಗುವಾಗ ನನ್ನ ಎರಡು ಮಂಡಿಗಳಲ್ಲಿ ಒಂದು ಮುಂದಿನವರ ಬೆನ್ನಿಗೆ, ಇನ್ನೊಂದು ಓಡಾಡುವ ದಾರಿಗೆ. ಕಂಡಕ್ಟರು ಪ್ರತಿ ಸ್ಟಾಪಿನಲ್ಲೂ ಅದನ್ನು ಹೊಸಿಲಿನ ಹಾಗೆ ದಾಟಿಕೊಂಡೇ ಟಿಕೆಟ್ ಕೊಡುತ್ತಿದ್ದರು.

ಆಕ್ಲೆಂಡಿಗೆ ಬಂದಮೇಲೆ ಈ ಕಷ್ಟ ಮುಗಿಯಿತು ಎಂದುಕೊಂಡೆ. ಇದು ಎತ್ತರದವರ ದೇಶ. ಇಲ್ಲಿ ನನ್ನನ್ನು ಯಾರೂ ತಿರುಗಿ ನೋಡುವುದಿಲ್ಲ. 2021ರಲ್ಲಿ ನಮ್ಮ ಆರ್‌ಸಿಬಿ 15 ಕೋಟಿ ಕೊಟ್ಟು ಕೊಂಡ ಕೈಲ್ ಜೇಮಿಸನ್ ಈ ಊರಿನ ಹುಡುಗ, ಆರಡಿ ಎಂಟಂಗುಲ. ಬೆಂಗಳೂರಿನವರು ಅವನ ಬೌಲಿಂಗ್ ಬಗ್ಗೆ ತಲೆಕೆಡಿಸಿಕೊಂಡಿದ್ದಾಗ, ಇವನು ಟ್ಯಾಕ್ಸಿಯಲ್ಲಿ ಹೇಗೆ ಕೂರುತ್ತಾನೆ ಎಂಬ ಒಂದೇ ಚಿಂತೆ ನನಗೆ.

ನಮ್ಮ ಕಾರು ಜಪಾನಿನಲ್ಲಿ ಓಡಿ, ಹಡಗು ಹತ್ತಿ ಬಂದ ಸೆಕೆಂಡ್ ಹ್ಯಾಂಡ್ ಗಾಡಿ. ಇಲ್ಲಿನ ರಸ್ತೆಗಳಲ್ಲಿ ಇಂಥವು ಬೇಕಾದಷ್ಟು. ಈ ದೇಶದಲ್ಲಿ ಕಾರು ಜೋಡಿಸುವ ಕಾರ್ಖಾನೆಗಳೆಲ್ಲ 1998ಕ್ಕೇ ಮುಚ್ಚಿದವು. ಎಡಬದಿಯ ಸಂಚಾರ ಎರಡೂ ದೇಶಕ್ಕೆ ಸಾಮಾನ್ಯವಾದ್ದರಿಂದ ಜಪಾನಿನವರು ಬಿಟ್ಟದ್ದು ನಮಗೆ ಹಬ್ಬ. ಬೆಳಿಗ್ಗೆ ಕೀಲಿ ತಿರುವಿದೊಡನೆ ಒಬ್ಬ ಹೆಂಗಸು ಬಲು ವಿನಯದಿಂದ ಜಪಾನಿ ಭಾಷೆಯಲ್ಲಿ ಏನೋ ಹೇಳುತ್ತಾಳೆ. ಶುಭಪ್ರಯಾಣ ಹೇಳುತ್ತಿದ್ದಾಳೆ ಎಂದು ಎರಡು ವರ್ಷ ನಂಬಿದ್ದೆವು. ಆಮೇಲೆ ಗೊತ್ತಾಯಿತು, "ಟೋಲ್ ಕಾರ್ಡು ಹಾಕಿಲ್ಲ" ಎಂದು ಅವಳ ದೂರು. ಜಪಾನಿನ ಟೋಲ್ ಕಾರ್ಡನ್ನು ಆಕ್ಲೆಂಡಿನಲ್ಲಿ ಎಲ್ಲಿಂದ ತರುವುದು?

ಈ ಕಾರಿನಲ್ಲಿ ನಾನು ಡ್ರೈವರು. ಪಕ್ಕದಲ್ಲಿ ಮಗ ಪುಟ್ಟ. ಪುಟ್ಟನಿಗೆ ಹದಿನೇಳು ವರ್ಷ, ಆರಡಿ ನಾಲ್ಕಂಗುಲ. ಹೆಸರಿಟ್ಟಾಗ ಅಂಗೈ ಅಗಲ ಇದ್ದ. ಹೆಂಡತಿ ಐದಡಿ ಒಂದಂಗುಲ, ಅವಳದು ಹಿಂದಿನ ಸೀಟು. ಹೀಗೆ ಸಂಸಾರ ಸುಸೂತ್ರವಾಗಿ ಸಾಗುತ್ತಿತ್ತು, ಅಮ್ಮ ತಿಪಟೂರಿನಿಂದ ಆರು ತಿಂಗಳಿಗೆಂದು ಬರುವವರೆಗೆ.

ಹಿರಿಯರು ಮುಂದೆ ಕೂರಬೇಕಲ್ಲ? ಏರ್‌ಪೋರ್ಟಿನಲ್ಲೇ ನಾನು ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಸ್ವಲ್ಪ ಮಲಗಿಸಿ, ಬೆನ್ನಿಗೊಂದು ದಿಂಬು ಕೊಟ್ಟು ಅಮ್ಮನನ್ನು ಪಟ್ಟಕ್ಕೇರಿಸಿದೆ. ಸಿಂಗಾಪುರದಿಂದ ಹತ್ತು ತಾಸು ವಿಮಾನದಲ್ಲಿ ಮುದುಡಿ ಬಂದವಳು, ಹಾಯಾಗಿರಲಿ ಎಂದು. ಜಪಾನಿ ಹೆಂಗಸು ಮಾತಾಡಿದಳು. ಅಮ್ಮ "ಆಯ್ತು ಕಣಮ್ಮ" ಎಂದಳು. ಪುಟ್ಟ ಅಜ್ಜಿಯ ಹಿಂದೆ ಕೂತ. ಕೂತ ಎನ್ನುವುದು ತಪ್ಪು, ಮಡಿಸಿಟ್ಟೆವು. ಮಂಡಿ ಎರಡೂ ಗಲ್ಲಕ್ಕೆ ತಾಗುತ್ತಿದ್ದವು. ಕನ್ನಡಿಯಲ್ಲಿ ನೋಡಿದರೆ ಮಿಡತೆಯೊಂದು ಬೆಲ್ಟು ಹಾಕಿಕೊಂಡ ಹಾಗಿತ್ತು.

ಅಂದು ರಾತ್ರಿಯೇ ತೀರ್ಮಾನವಾಯಿತು: ದೊಡ್ಡ ಕಾರು ಬೇಕು, ಒಳ್ಳೆಯ ಎಸ್‌ಯುವಿ. ಆಕ್ಲೆಂಡಿನಲ್ಲಿ ಇವಕ್ಕೆ 'ರೆಮ್ಯುವೆರಾ ಟ್ರ್ಯಾಕ್ಟರ್' ಎಂಬ ಅಡ್ಡಹೆಸರುಂಟು. ರೆಮ್ಯುವೆರಾ ಸಿರಿವಂತರ ಬಡಾವಣೆ. ಅಲ್ಲಿ ಈ ಗಾಡಿಗಳು ಉಳುವುದು ಮಕ್ಕಳ ಸ್ಕೂಲಿನ ಮುಂದಿನ ರಸ್ತೆಯನ್ನು ಮಾತ್ರ. ಅಮ್ಮನಿಗೆ ಹೇಳಿದಾಗ ಅವಳು ಯೋಚಿಸಿ, "ಟ್ರ್ಯಾಕ್ಟರ್ ತಗಳೋದಾದ್ರೆ ಟ್ರೈಲರೂ ತಗೋ. ಹುಡುಗ ಹಿಂದೆ ಕಾಲು ಚಾಚ್ಕೊಂಡು ಮಲಗ್ಲಿ" ಎಂದಳು. ನಾವು ನಕ್ಕೆವು. ಮೂರು ತಿಂಗಳಲ್ಲಿ ಈ ವಿಷಯದ ಮೇಲೆ ಬಂದ ಏಕೈಕ ವ್ಯಾವಹಾರಿಕ ಸಲಹೆ ಅದು.

ನಾನು ಕ್ಯಾಟಲಾಗುಗಳನ್ನು ತಂದು ಅಧ್ಯಯನಕ್ಕೆ ಕೂತೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರವೇ ವೀಲ್‌ಬೇಸ್, ಕಾಲಿನ ಭಾಗ್ಯವೆಲ್ಲ ಅದರಲ್ಲಿದೆ ಎಂದುಕೊಂಡಿದ್ದೆ. ಲ್ಯಾಂಡ್ ಕ್ರೂಸರ್‌ನ ವೀಲ್‌ಬೇಸ್ 1990ರ ಸುಮಾರಿನ 80 ಸರಣಿಯಿಂದ ಇಂದಿನ 300ರವರೆಗೆ 2,850 ಮಿಲಿಮೀಟರ್. ಮನುಷ್ಯರು ಮೊಮ್ಮಕ್ಕಳನ್ನು ಕಂಡರೂ ಅದು ಒಂದು ಕೂದಲೆಳೆಯಷ್ಟೂ ಬೆಳೆದಿಲ್ಲ. ಈಗಿನ ರೇಂಜ್ ರೋವರ್ 2,997. ಅದರದೇ ಉದ್ದದ ಅಣ್ಣ 3,197. ಅಂದರೆ 20 ಸೆಂಟಿಮೀಟರ್ ಹೆಚ್ಚು, ಒಂದು ಗೇಣಿಗೆ ಚೂರು ಕಡಿಮೆ. ಆ ಗೇಣಿನ ಬೆಲೆಗೆ ತಿಪಟೂರಿನ ಕಡೆ ಒಂದು ಒಳ್ಳೇ ತೋಟವೇ ಬಂದೀತು, ಕಾಲು ಮಾತ್ರವಲ್ಲ, ಹಾಸಿಗೆಯನ್ನೂ ಚಾಚಬಹುದು.

ಹಾಗಿದ್ದರೆ ನಮ್ಮ ಹಳೆಯ ಅಂಬಾಸಿಡರ್? ಅದರ ವೀಲ್‌ಬೇಸ್ 2,464 ಮಾತ್ರ. ಆದರೂ ಮಂತ್ರಿಗಳು ಅದರ ಹಿಂದಿನ ಸೀಟಿನಲ್ಲಿ ಪಂಚೆಯ ಇಸ್ತ್ರಿ ಕೆಡದಂತೆ ಕೂರುತ್ತಿದ್ದರು. ಗುಟ್ಟು ಇಷ್ಟೆ: ಅದರ ಸೀಟು ಕುರ್ಚಿಯ ಹಾಗೆ ಎತ್ತರ, ಕಾಲು ಕೆಳಗಿಳಿಯುತ್ತಿತ್ತು. ಈಗಿನ ಗಾಡಿಗಳಲ್ಲಿ ಸೀಟು ಮಣೆಯ ಹಾಗೆ ತಗ್ಗು. ಬ್ಯಾಟರಿ ಗಾಡಿಯಾದರೆ ಬ್ಯಾಟರಿಯೆಲ್ಲ ಕಾಲ ಕೆಳಗಿರುವುದರಿಂದ ನೆಲವೂ ಮೇಲೆದ್ದಿರುತ್ತದೆ. ಆಗ ಮುಂದೆ ಎಷ್ಟು ಜಾಗವಿದ್ದರೇನು, ಮಂಡಿ ಎದೆಯ ಹತ್ತಿರ ಬರುತ್ತದೆ, ತೊಡೆಗೆ ಆಸರೆಯಿಲ್ಲ, ಸೊಂಟವೇ ಎಲ್ಲ ಭಾರ ಹೊರಬೇಕು. ಮೇಲೆ ನೋಡಿದರೆ ಆಕಾಶ ಕಾಣಲೆಂದು ಗಾಜಿನ ಚಾವಣಿ. ಅದರ ಚೌಕಟ್ಟು ತಲೆಯಿಂದ ಎರಡು ಬೆರಳು ಕಿತ್ತುಕೊಳ್ಳುತ್ತದೆ. ಆಕಾಶ ಕಾಣುವುದು ಐದಡಿಯವರಿಗೆ. ಆರಡಿಯವರಿಗೆ ಅದು ತಾಗುತ್ತದೆ.

ಗ್ರೇಟ್ ಸೌತ್ ರೋಡಿನಲ್ಲಿ ಕಾರು ಅಂಗಡಿಗಳದೇ ಸಾಲು. ಒಂದು ಶನಿವಾರ ನಾನೂ ಪುಟ್ಟನೂ ಅಲ್ಲೊಂದು ಅಂಗಡಿಗೆ ಹೋದೆವು. ಲಕ್ಷ ಡಾಲರು ದಾಟಿದ ಕರಿಯ ಗಾಡಿ. ಹಿಂದಿನ ಬಾಗಿಲು ತೆರೆದು ಕೂತರೆ, ಆಹಾ! ಕಾಲಿನ ಮೇಲೆ ಕಾಲು ಹಾಕಿದೆ. ಮುಂದಿನ ಸೀಟಿಗೂ ಮಂಡಿಗೂ ನಡುವೆ ಎರಡು ಕೊಬ್ಬರಿ ಚೀಲ ಇಡಬಹುದಿತ್ತು. ಪುಟ್ಟ ಪಕ್ಕದಲ್ಲಿ ಕೂತು ನಗುತ್ತಿದ್ದ, ತಿಂಗಳಿಂದ ಅವನು ಕಾರಿನಲ್ಲಿ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ಅಂಗಡಿಯ ಹುಡುಗ ಬಾಗಿ ನಿಂತು, ನಿಮ್ಮಂಥವರಿಗೆಂದೇ ಮಾಡಿದ್ದು ಎಂದ.

ಕೊಳ್ಳಲು ಬಾಯಿ ತೆರೆದವನು, ಒಮ್ಮೆ ಓಡಿಸಿ ನೋಡೋಣವೆಂದು ಮುಂದೆ ಹೋದೆ. ಡ್ರೈವರ್ ಸೀಟು ಸ್ಟೀರಿಂಗಿಗೆ ಮುತ್ತಿಡುವಷ್ಟು ಮುಂದಿತ್ತು. ಗುಂಡಿ ಒತ್ತಿದೆ. ಮೋಟಾರು ಗುಂಯ್ ಎಂದು ಸೀಟನ್ನು ಹಿಂದಕ್ಕೆ ಒಯ್ಯತೊಡಗಿತು, ನಿಧಾನವಾಗಿ, ಗಾಂಭೀರ್ಯದಿಂದ, ಜಾತ್ರೆಯ ತೇರಿನ ಹಾಗೆ. ನನ್ನ ಕಾಲು ನೆಟ್ಟಗಾಗುತ್ತಾ ಬಂತು. ಅಷ್ಟರಲ್ಲಿ ನನ್ನ ಬೆನ್ನ ಹಿಂದಕ್ಕೆ ಸರಿದು ಕೂತಿದ್ದ ಪುಟ್ಟನ ದನಿ: "ಅಪ್ಪಾ... ಅಪ್ಪಾ, ಸಾಕು... ಅಪ್ಪಾ, ಪಾದ ಸಿಕ್ಕಾಕ್ಕೊಂತು!" ಸೀಟಿನಡಿಯ ಸಂದಿಗೆ ತೂರಿಸಿದ್ದ ಹದಿಮೂರನೇ ನಂಬರಿನ ಬೂಟು ಅಲ್ಲೇ ಸೆರೆಯಾಗಿತ್ತು. ಸೀಟು ಮುಂದೆ ಬಂದಮೇಲೆ ಬೂಟು ಬಿಟ್ಟು ಪಾದ ಬಂತು, ಪಾದ ಬಂದಮೇಲೆ ಬೂಟು.

ಕ್ಯಾಟಲಾಗಿನ ಗುಟ್ಟು ಅಂದು ಅರ್ಥವಾಯಿತು. ಕಂಪನಿಯವರು ಸೀಟಿನಲ್ಲಿ ಒಂದು ಅಳತೆಬೊಂಬೆಯನ್ನು ಕೂರಿಸಿ, ಸೊಂಟದಿಂದ ಹಿಮ್ಮಡಿಯ ಗೆಣ್ಣಿನವರೆಗೆ ಅಳೆಯುತ್ತಾರೆ. ಆಗ ಮುಂದಿನ ಸೀಟು ಎಲ್ಲಿರಬೇಕೆಂದು ಗೊತ್ತುಮಾಡುವವರೂ ಅವರೇ. ಆ ಸೀಟಿನಲ್ಲಿ ತಿಪಟೂರಿನ ತೆಂಗಿನಮರ ಕೂರಬಹುದೆಂದು ಅವರಿಗೆ ಯಾರು ಹೇಳಬೇಕು? ಹಿಂದಿನ ಸೀಟಿನ ಕಾಲುಜಾಗ ಕಾರಿನದಲ್ಲ, ಮುಂದೆ ಕೂತವರು ಬಿಟ್ಟುಕೊಟ್ಟದ್ದು.

ಅರ್ಥವಾದರೂ ಬುದ್ಧಿ ಬರಲಿಲ್ಲ. ಇನ್ನೂ ಆರು ಅಂಗಡಿ ಸುತ್ತಿದೆವು. ಮೂರನೇ ಸಾಲಿನ ಸೀಟುಗಳನ್ನೂ ನೋಡಿದೆವು. ಅವು ಮನುಷ್ಯರಿಗಲ್ಲ, ಮನುಷ್ಯರ ಸಾಮಾನಿಗೆ.

ಮೂರನೇ ತಿಂಗಳಲ್ಲಿ ಅಮ್ಮನಿಗೆ ವೈಪೊವಾ ಕಾಡಿನ ಕೌರಿ ಮರ ತೋರಿಸಲು ಹೊರಟೆವು, ಹಳೇ ಕಾರಿನಲ್ಲೇ. ಆಕ್ಲೆಂಡಿನಿಂದ ಉತ್ತರಕ್ಕೆ ಮೂರೂವರೆ ತಾಸಿನ ದಾರಿ. ಹೊರಟ ಸ್ವಲ್ಪ ಹೊತ್ತಿಗೆ ಹಾರ್ಬರ್ ಬ್ರಿಡ್ಜ್. 1959ರಲ್ಲಿ ನಾಲ್ಕೇ ಸಾಲು ಸಾಕೆಂದು ಕಟ್ಟಿದರು. ಹತ್ತೇ ವರ್ಷಕ್ಕೆ ಜಾಗ ಸಾಲದೆ ಎರಡೂ ಮಗ್ಗುಲಿಗೆ ಇನ್ನೆರಡೆರಡು ಸಾಲು ಅಂಟಿಸಿದರು. ಅದನ್ನು ಮಾಡಿದವರೂ ಜಪಾನಿನವರೇ. ಪುಟ್ಟ ಹಿಂದಿನಿಂದ ನರಳಿದ: "ಸೇತುವೆಗಾದ್ರೆ ಅಂಟಿಸ್ತಾರೆ." ಮುಂದೆ ಟೋಲ್ ರಸ್ತೆ ಬಂತು. ವರ್ಷಗಟ್ಟಲೆ ಕಾರ್ಡಿಲ್ಲವೆಂದು ಕೊರಗಿದ ಜಪಾನಿ ಹೆಂಗಸು ಅಲ್ಲಿ ತುಟಿಪಿಟಕ್ಕೆನ್ನಲಿಲ್ಲ. ಇಲ್ಲಿ ಕಾರ್ಡೇ ಬೇಡ, ಕ್ಯಾಮೆರಾ ನಂಬರ್ ಪ್ಲೇಟು ಓದಿಕೊಳ್ಳುತ್ತದೆ. ಡಾರ್ಗವಿಲ್‌ನಲ್ಲಿ ರಸ್ತೆಬದಿಯ ಕುಮರಾ ಗೆಣಸು ಕೊಂಡೆವು. ಆ ಚೀಲವೂ ಪುಟ್ಟನ ಕಾಲ ಬಳಿಗೇ ಹೋಯಿತು.

ಕಾಡಿನ ಬಾಗಿಲಲ್ಲಿ ಅಮ್ಮ ಚಪ್ಪಲಿ ಬಿಡಲು ಹೊರಟಳು. ಬಿಡುವುದಲ್ಲ, ತೊಳೆಯುವುದು ಎಂದು ತೋರಿಸಿದೆವು. ಕೌರಿ ಮರದ ಬೇರಿಗೆ ಮಣ್ಣಿನ ಮೂಲಕ ಹಬ್ಬುವ ರೋಗವಿದೆ. ಪಾದರಕ್ಷೆಯನ್ನು ಬ್ರಷ್ಷಿನಲ್ಲಿ ಉಜ್ಜಿ, ಔಷಧಿಯ ನೀರು ಸೋಕಿಸಿಯೇ ಒಳಗೆ ಹೋಗಬೇಕು. "ಕಾಲು ತೊಳ್ಕೊಂಡು ಹೋಗೋದಂದ್ರೆ ದೇವಸ್ಥಾನವೇ ಆಯ್ತಲ್ಲ" ಎಂದಳು ಅಮ್ಮ. ಒಳಗೆ 'ತಾನೆ ಮಹುತಾ' ಎಂಬ ಹೆಸರಿನ ಕೌರಿ ಮರ ನಿಂತಿತ್ತು. ಹದಿಮೂರು ಮೀಟರಿಗೂ ಮಿಗಿಲಾದ ಸುತ್ತಳತೆಯ ಬೊಡ್ಡೆ, ತಲೆಯೆತ್ತಿ ನೋಡಿದರೆ ಕುತ್ತಿಗೆ ನೋಯುವ ಎತ್ತರ. ಅದರ ಮುಂದೆ ಪುಟ್ಟ ಮೊದಲ ಬಾರಿಗೆ ಹೆಸರಿಗೆ ತಕ್ಕ ಹಾಗೆ ಕಂಡ.

ಪುಟ್ಟ ಸ್ಕೂಲಿನಲ್ಲಿ ಕಲಿತ ಮಾವೊರಿ ಕತೆಯನ್ನು ಅಜ್ಜಿಗೆ ಹೇಳಿದ. ಆಕಾಶತಂದೆ ರಂಗಿನುಯಿ, ಭೂತಾಯಿ ಪಾಪಾತೂಆನುಕು ಒಬ್ಬರನ್ನೊಬ್ಬರು ಅಪ್ಪಿಕೊಂಡಿದ್ದರು. ನಡುವಿನ ಕತ್ತಲಲ್ಲಿ ಮಕ್ಕಳು ಇಕ್ಕಟ್ಟಿನಲ್ಲಿ ಮುದುಡಿದ್ದರು. ಕೊನೆಗೆ ತಾನೆ ಎಂಬ ಮಗ ತಾಯಿಯ ಮೇಲೆ ಬೆನ್ನು ಊರಿ, ಕಾಲಿನಿಂದ ತಂದೆಯನ್ನು ಮೇಲಕ್ಕೆ ಒದ್ದು ತಳ್ಳಿ ಬೆಳಕಿಗೆ ಜಾಗ ಮಾಡಿದ. ಹೇಳುವಾಗ ಅವನ ದನಿಯಲ್ಲಿ ಅನುಭವವಿತ್ತು.

"ನಮ್ಮ ವಾಮನನಿಗೂ ಕಾಲಿಡಾಕೆ ಜಾಗ ಸಾಲ್ಲಿಲ್ಲ ಕಣ್ ಮಗಾ," ಎಂದಳು ಅಮ್ಮ. "ಆದ್ರೆ ಅವನು ಒದೀಲಿಲ್ಲ. ಕೇಳ್ದ. ಬಲಿ ತಲೆ ಕೊಟ್ಟ."

ಹಿಂದಿರುಗಿ ಕಾರಿನ ಬಳಿ ಬಂದಾಗ ಮಳೆಹನಿ. ಪುಟ್ಟ ಓಡಿಬಂದು ಅಜ್ಜಿಗಿಂತ ಮೊದಲೇ ಹತ್ತಿದ. ಅಮ್ಮ ಬಾಗಿಲ ಹೊರಗೆ ನಿಂತು ಅವನು ಮಡಚಿಕೊಳ್ಳುವುದನ್ನು ಮೊದಲ ಸಲ ನೋಡಿದಳು. ಒಂದು ಕಾಲು, ಗೆಣಸಿನ ಚೀಲ, ಇನ್ನೊಂದು ಕಾಲು, ಆಮೇಲೆ ತಲೆ.

"ಇದೇನೋ ಇದು! ನನ್ನ ಸೀಟು ಯಾಕಿಷ್ಟು ಹಿಂದಿದೆ?"

"ನೀನು ಆರಾಮಾಗಿರ್ಲಿ ಅಂತ ಅಮ್ಮ..."

"ಎಂಥ ಆರಾಮೋ! ನನ್ನ ಕಾಲು ನೆಲಕ್ಕೇ ಎಟಕಲ್ಲ. ತಿರುವಿನಲ್ಲಿ ಹಿಡ್ಕೊಳಾಕೆ ಮುಂದೆ ಏನೂ ಸಿಗಲ್ಲ. ನಿಮ್ ದೇಶದ ಕಾರೇ ಹಿಂಗೇನೋ ಅಂತ ಮೂರು ತಿಂಗಳಿಂದ ಬಾಯಿ ಮುಚ್ಕೊಂಡಿದೀನಿ. ತಳ್ಳೋ ಮುಂದಕ್ಕೆ!"

ಸೀಟಿನ ಕೆಳಗೆ ಕೈಹಾಕಿ ಸನ್ನೆಕೋಲು ಎತ್ತಿದೆ. ಟಕ್, ಟಕ್, ಟಕ್. ಒಂದು ಗೇಣಿಗಿಂತ ಹೆಚ್ಚೇ ಸರಿಯಿತು. ಪುಟ್ಟ ಕಾಲು ಬಿಡಿಸಿದ. ಅಮ್ಮ ಕೂತು, ಮುಂದಿನ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು, "ಈಗ ಸರಿಹೋಯ್ತು" ಎಂದಳು. ಕೀಲಿ ತಿರುವಿದೆ. ಜಪಾನಿ ಹೆಂಗಸು ದೂರಿದಳು. "ನಿಂದೂ ಏನಾದ್ರೂ ಇದ್ರೆ ಹೇಳ್ಬಿಡಮ್ಮ, ಇವ್ರು ತಾವಾಗಿ ಕೇಳೋ ಜನ ಅಲ್ಲ" ಎಂದಳು ಅಮ್ಮ.

ಆಗ ನನ್ನ ಬೆನ್ನ ಹಿಂದಿನಿಂದ ಹೆಂಡತಿಯ ದನಿ ಬಂತು: "ರೀ, ನಾನು ಆರು ವರ್ಷದಿಂದ ನಿಮ್ಮ ಹಿಂದೆ ಕೂತಿದೀನಿ."

ವಾಪಸು ಬರುವಷ್ಟೂ ದಾರಿ ನಾನು ಮಂಡಿಯನ್ನು ಸ್ಟೀರಿಂಗಿಗೆ ತಾಗಿಸಿಕೊಂಡೇ ಓಡಿಸಿದೆ.

ಎಸ್‌ಯುವಿ ಕೊಳ್ಳಲಿಲ್ಲ. ನೀವು ಕೊಳ್ಳುವುದಾದರೆ ಮನೆಯ ಅತಿ ಉದ್ದದವರನ್ನು ಅಂಗಡಿಗೆ ಕರೆದೊಯ್ಯಿರಿ. ಮೊದಲು ಡ್ರೈವರ್ ಸೀಟನ್ನು ನಿಮ್ಮ ಅಳತೆಗೆ ಇಟ್ಟುಕೊಂಡು, ಆಮೇಲೆ ಅದರ ಹಿಂದೆ ಅವರನ್ನು ಕೂರಿಸಿ. ಪಾದ ಸೀಟಿನಡಿ ಹೋಗುತ್ತದೆಯೇ, ತೊಡೆ ಸೀಟಿಗೆ ಒರಗುತ್ತದೆಯೇ, ತಲೆ ಚಾವಣಿಗೆ ತಾಗುತ್ತದೆಯೇ ನೋಡಿ. ಇಷ್ಟೆಲ್ಲ ಮಾಡುವುದಕ್ಕೆ ಮುಂಚೆ, ಈಗಿರುವ ಕಾರಿನಲ್ಲಿ ಕೂರುವವರನ್ನೆಲ್ಲ ಒಂದು ಮಾತು ಕೇಳಿ. ಗಿಡ್ಡಗಿರುವವರನ್ನೂ.